ವಿಮಾನ ಚಾಲಕನ ನೌಕರಿ ಮತ್ತು ವ್ಯಾಪಾರಿಯ ಅಣುವ್ರತ

2023ರ ಆಗಸ್ಟ್ 20ರ ಭಾನುವಾರ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಒಂದು ವಿಮಾನ ಬಿದ್ದು ಚೂರುಚೂರಾಯಿತು. ಓಡಿ ಬಂದ ಜನ ನೋಡಿದರೆ ಅದರೊಳಗೆ ಯಾರೂ ಇರಲಿಲ್ಲ. ಅದು ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ 'ತಪಸ್' ಎಂಬ ಚಾಲಕರಹಿತ ವಿಮಾನ. ಚಳ್ಳಕೆರೆ ತಾಲ್ಲೂಕಿನ ವೈಮಾನಿಕ ಪರೀಕ್ಷಾ ವಲಯದಿಂದ ಮೇಲೇರಿತ್ತು. ಯಾವ ಜೀವಕ್ಕೂ ಅಪಾಯವಾಗಲಿಲ್ಲವೆಂಬುದು ಸಮಾಧಾನದ ಸಂಗತಿ. ಆದರೆ ಇಂಥ ಯಂತ್ರಗಳನ್ನು ಕಣ್ಣಾರೆ ಕಂಡ ಈ ಜಿಲ್ಲೆಯಲ್ಲಿ ಒಂದು ಮಾತು ಸಲೀಸಾಗಿ ಕೇಳಿಬರುತ್ತದೆ: "ವಿಮಾನ ತಾನೇ ಹಾರುವ ಕಾಲ ಬಂತು, ಇನ್ನು ಈ ಪೈಲಟ್‌ಗಳ ಗತ್ತು ಎಷ್ಟು ದಿನ?" ಅದರ ಬೆನ್ನಿಗೇ ಇನ್ನೊಂದು: "ತಿಂಗಳಿಗೆ ಲಕ್ಷಗಟ್ಟಲೆ ಎಣಿಸುವವರಿಗೆ ಸಂಘವೇಕೆ, ಒಪ್ಪಂದವೇಕೆ, ಮುಷ್ಕರವೇಕೆ?"

ಚಿತ್ರದುರ್ಗದ ಜವಳಿ ಅಂಗಡಿಯಲ್ಲಾಗಲಿ, ಹೊಳಲ್ಕೆರೆ, ಹೊಸದುರ್ಗಗಳ ಮಂಡಿಗಳಲ್ಲಾಗಲಿ ಈ ಮಾತನ್ನಾಡುವವರು ದುಷ್ಟರಲ್ಲ. ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವವರು, ನೀರನ್ನು ಸೋಸಿ ಕುಡಿಯುವವರು, ಪರ್ಯೂಷಣದಲ್ಲಿ ಉಪವಾಸ ಹಿಡಿಯುವವರು, ಶಿಖರಜಿಯ ಯಾತ್ರೆಗೆಂದು ಬೆಂಗಳೂರಿನಿಂದ ವಿಮಾನವೇರುವವರು. ಇರುವೆಯ ಸಾಲನ್ನು ದಾಟುವಾಗ ಹೆಜ್ಜೆಯನ್ನು ಎತ್ತಿಡುವ ಶ್ರಾವಕನೇ, ತನ್ನನ್ನು ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಹೊತ್ತೊಯ್ಯುವ ನೌಕರನ ಅನ್ನದ ಮಾತು ಬಂದಾಗ ಯಾವ ಹೆಜ್ಜೆಯನ್ನೂ ಎತ್ತಿಡುವುದಿಲ್ಲ. ಸಂಘ ಕಟ್ಟಿಕೊಂಡು ನೌಕರಿಯ ಭದ್ರತೆಯನ್ನು ಕೇಳುವುದೇ ಲೋಭ, ಮುಷ್ಕರವೇ ಹಿಂಸೆ, ಮಾಲೀಕನ ಮೌನವೇ ಶಾಂತಿ ಎಂಬ ಭಾವನೆ ಸಮಾಜದಲ್ಲಿ ಬೇರೂರಿದೆ. ಈ ಭಾವನೆ ಶ್ರಾವಕಾಚಾರಕ್ಕೆ ನೇರವಾಗಿ ವಿರುದ್ಧವಾದುದು.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಪಾಠಶಾಲೆಯ ಮಕ್ಕಳೂ ಬಲ್ಲರು. ಅಹಿಂಸಾಣುವ್ರತಕ್ಕೆ ಅಲ್ಲಿ ಐದು ಅತಿಚಾರಗಳು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ತಾಳಲಾರದಷ್ಟು ಹೊರೆ ಹೇರುವುದು, ಅನ್ನ ನೀರುಗಳನ್ನು ತಡೆಯುವುದು. ಇವೆಲ್ಲ ಎತ್ತು ಕುದುರೆಗಳ ಮಾತೆಂದು ತಿಳಿದು ಓದಿಕೊಂಡು ಹೋಗುವ ರೂಢಿಯಿದೆ. ಎತ್ತನ್ನು ಕುರಿತ ದಯೆ ಮನುಷ್ಯನಿಗೆ ಸಲ್ಲದೆಂದು ಯಾವ ಆಚಾರ್ಯರೂ ಬರೆದಿಲ್ಲ. ವಧ, ಛೇದಗಳನ್ನು ಬದಿಗಿಟ್ಟರೂ ಉಳಿದ ಮೂರು ಅತಿಚಾರಗಳು ಇಂದಿನ ವೈಮಾನಿಕ ಉದ್ಯಮದಲ್ಲಿ ಹೇಗೆ ಕುಳಿತಿವೆ ಎಂಬುದನ್ನು ಲೆಕ್ಕಪುಸ್ತಕ ಬಲ್ಲ ವ್ಯಾಪಾರಿಗಳು ನೋಡಬೇಕು. ಅದಕ್ಕೆ ದೂರ ಹೋಗಬೇಕಿಲ್ಲ.

ಬೆಂಗಳೂರಿನಲ್ಲಿ ನೋಂದಣಿಯಾದ ಕಿಂಗ್‌ಫಿಷರ್ ಏರ್‌ಲೈನ್ಸ್ 2005ರ ಮೇ ತಿಂಗಳಲ್ಲಿ ಹಾರಾಟವನ್ನು ಆರಂಭಿಸಿತು. ಕ್ಯಾಪ್ಟನ್ ಗೋಪಿನಾಥ್ ಅವರು 2003ರಲ್ಲಿ ಬೆಂಗಳೂರು–ಹುಬ್ಬಳ್ಳಿ ಮಾರ್ಗದಲ್ಲಿ ತೊಡಗಿಸಿದ್ದ ಏರ್ ಡೆಕ್ಕನ್ ಮುಂದೆ ಅದರಲ್ಲಿ ಲೀನವಾಯಿತು. ಏಳು ವರ್ಷ ತುಂಬುವುದರೊಳಗೆ ಸಂಸ್ಥೆಗೆ ಸಂಬಳ ಕೊಡುವ ಶಕ್ತಿ ಉಳಿಯಲಿಲ್ಲ. 2012ರ ಸೆಪ್ಟೆಂಬರ್ ವೇಳೆಗೆ ಸಂಬಳ ನಿಂತು ಸುಮಾರು ಏಳು ತಿಂಗಳಾಗಿತ್ತು. ಆ ತಿಂಗಳ ಕೊನೆಯಲ್ಲಿ ಇಂಜಿನಿಯರುಗಳೂ ಚಾಲಕರೂ ಕೆಲಸ ನಿಲ್ಲಿಸಿದರು. ಅಕ್ಟೋಬರ್ 1ರಂದು ಆಡಳಿತವು ಬೀಗಮುದ್ರೆ ಸಾರಿತು. ಅದೇ ವಾರ ದೆಹಲಿಯಲ್ಲಿ ಸಂಸ್ಥೆಯ ಒಬ್ಬ ನೌಕರನ ಪತ್ನಿ ಮನೆಯ ಹಣದ ಸಂಕಟವನ್ನು ಬರೆದಿಟ್ಟು ಪ್ರಾಣ ಕಳೆದುಕೊಂಡರು. ಅಕ್ಟೋಬರ್ 20ರಂದು ಸರ್ಕಾರ ಹಾರಾಟದ ಪರವಾನಗಿಯನ್ನು ಅಮಾನತ್ತಿನಲ್ಲಿರಿಸಿತು. ತಿಂಗಳ ಕೊನೆಗೆ ಬಾಕಿಯ ಒಂದಂಶವನ್ನು ಕೊಡುವ ಮಾತಾಗಿ ನೌಕರರು ಕೆಲಸಕ್ಕೆ ಮರಳಲೊಪ್ಪಿದರು. ವಿಮಾನ ಮಾತ್ರ ಮತ್ತೆ ಏಳಲಿಲ್ಲ.

ಇದು ಅನ್ನಪಾನನಿರೋಧವಲ್ಲದೆ ಮತ್ತೇನು? ಕೊಟ್ಟಿಗೆಯಲ್ಲಿ ಕಟ್ಟಿದ ಹಸುವಿಗೆ ಏಳು ತಿಂಗಳು ಮೇವು ಹಾಕದವನನ್ನು ಯಾವ ಬಸದಿಯ ಪಂಚರೂ ಮುಖಮಂಟಪದಲ್ಲಿ ಕೂರಿಸಿ ಸನ್ಮಾನಿಸಲಾರರು.

ಇಲ್ಲಿ ಇನ್ನೊಂದು ಅಂಶವಿದೆ. ವಾಣಿಜ್ಯ ಬಲ್ಲವರು ಇದನ್ನು ಹೆಚ್ಚು ಗಮನಿಸಬೇಕು. ನೌಕರರ ಸಂಬಳದಿಂದ ಮೂಲದಲ್ಲಿಯೇ ಮುರಿದುಕೊಂಡ ಆದಾಯ ತೆರಿಗೆಯನ್ನು ಈ ಸಂಸ್ಥೆ ಸರ್ಕಾರಕ್ಕೆ ಕಟ್ಟಿರಲಿಲ್ಲ. ಆದಾಯ ತೆರಿಗೆ ಇಲಾಖೆ ಅದಕ್ಕಾಗಿ ನ್ಯಾಯಾಲಯದ ಮೆಟ್ಟಿಲನ್ನೇರಿತು. ಮುರಿದುಕೊಂಡ ಹಣ ಮಾಲೀಕನದಲ್ಲ. ಒಬ್ಬನಿಂದ ಪಡೆದು ಇನ್ನೊಬ್ಬನಿಗೆ ಮುಟ್ಟಿಸಲೆಂದು ಕೈಯಲ್ಲಿರುವ ನ್ಯಾಸ. ತತ್ತ್ವಾರ್ಥಸೂತ್ರ ನ್ಯಾಸಾಪಹಾರವನ್ನು ಎಣಿಸಿರುವುದು ಅಚೌರ್ಯದ ಅತಿಚಾರಗಳಲ್ಲಿ ಅಲ್ಲ, ಸತ್ಯಾಣುವ್ರತದ ಅತಿಚಾರಗಳಲ್ಲಿ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವ ಬಗೆ ಬಹಳ ಸೂಕ್ಷ್ಮವಾದುದು. ಹಣವನ್ನು ಇಟ್ಟುಹೋದವನು ಮರೆವಿನಿಂದ ಕಡಮೆ ಮೊತ್ತವನ್ನು ಕೇಳಿದಾಗ, ಇಟ್ಟುಕೊಂಡವನು ಸುಮ್ಮನೆ "ಹೌದು" ಎಂದು ಅಷ್ಟನ್ನೇ ಕೊಟ್ಟರೆ ಅದು ನ್ಯಾಸಾಪಹಾರ. ಅವನು ಕೈಯಿಂದ ಏನನ್ನೂ ಕಸಿಯಲಿಲ್ಲ. ಎದುರಿನವನ ತಿಳಿವಳಿಕೆಯ ಕೊರತೆಯನ್ನು ಲಾಭವಾಗಿ ಬರೆದುಕೊಂಡ, ಅಷ್ಟೇ. ನೌಕರ ತನಗೆ ಬರಬೇಕಾದುದರ ಲೆಕ್ಕವನ್ನು ಅರಿಯದಿರುವುದೇ ಮಾಲೀಕನಿಗೆ ಅನುಕೂಲವೆಂದು ನಡೆಯುವ ಅಂಗಡಿಗಳು ಎಷ್ಟಿಲ್ಲ? ಸಂಘವೊಂದು ಎದುರು ಕುಳಿತು ಲೆಕ್ಕ ಕೇಳಿದಾಗ ಸಿಟ್ಟು ಬರುವುದು ಈ ಅನುಕೂಲ ತಪ್ಪಿತಲ್ಲಾ ಎಂದೇ ಹೊರತು ಧರ್ಮ ಕೆಟ್ಟಿತೆಂದಲ್ಲ.

"ಮುಳುಗಿದ ಸಂಸ್ಥೆ ಎಲ್ಲಿಂದ ಕೊಡಬೇಕು?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಅದಕ್ಕಾಗಿಯೇ ನೌಕರಿಯ ರಕ್ಷಣೆಯ ಮಾತು ಮುಳುಗುವ ಮುಂಚೆ ಒಪ್ಪಂದದಲ್ಲಿ ಬರಬೇಕು. 2016ರ ದಿವಾಳಿ ಸಂಹಿತೆಯ 53ನೆಯ ವಿಧಿಯನ್ನು ತೆರೆದು ನೋಡಬಹುದು. 'ಕಾರ್ಮಿಕ' ಎನಿಸಿಕೊಂಡವನ ಇಪ್ಪತ್ತನಾಲ್ಕು ತಿಂಗಳ ಬಾಕಿ, ಅಡವಿಟ್ಟುಕೊಂಡ ಸಾಲಗಾರ ಬ್ಯಾಂಕುಗಳ ಸರಿಸಮಕ್ಕೆ ನಿಲ್ಲುತ್ತದೆ. ಇತರ ನೌಕರರಿಗೆ ಹನ್ನೆರಡು ತಿಂಗಳದು ಮಾತ್ರ, ಅದೂ ಅವರ ನಂತರದ ಸಾಲಿನಲ್ಲಿ. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಂತಿತು. ಅದು ಮತ್ತೆ ಹಾರೀತೆಂಬ ಆಸೆಯಲ್ಲಿ ಐದೂವರೆ ವರ್ಷ ಕಳೆದು, 2024ರ ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ಸಮಾಪನಗೊಳಿಸಲು ಆದೇಶಿಸಿತು. ಐದೂವರೆ ವರ್ಷದಲ್ಲಿ ಮಗುವೊಂದು ಹುಟ್ಟಿ ಶಾಲೆಗೆ ಸೇರುತ್ತದೆ.

ಇನ್ನು ಬಂಧದ ವಿಚಾರ. 2017ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಒಂದು ನಿಯಮವನ್ನು ಮಾಡಿತು. ವಿಮಾನದ ಮುಖ್ಯ ಚಾಲಕ ಕೆಲಸ ಬಿಡಬೇಕಾದರೆ ಹನ್ನೆರಡು ತಿಂಗಳು ಮುಂಚೆ ತಿಳಿಸಬೇಕು. ಸಹಚಾಲಕನಾದರೆ ಆರು ತಿಂಗಳು. ಪ್ರಯಾಣಿಕರಿಗೆ ತೊಂದರೆಯಾಗಬಾರದೆಂಬುದು ಅದರ ಕಾರಣ. ಇರಲಿ. ಹೊಸದುರ್ಗದ ಒಬ್ಬ ತೆಂಗಿನ ವ್ಯಾಪಾರಿ ತನ್ನ ಗುಮಾಸ್ತನನ್ನು ಒಂದು ವರ್ಷ ಬಿಡಲಾರೆನೆಂದು ಕಾಗದ ಬರೆಸಿಕೊಂಡರೆ, ಆ ಒಂದು ವರ್ಷ ಅವನನ್ನು ಸಾಕುವ ಹೊಣೆಯೂ ತನ್ನದೆಂದು ಅದೇ ಕಾಗದದಲ್ಲಿ ಬರೆಯಬೇಕಲ್ಲವೆ? ಹಗ್ಗಕ್ಕೆ ಎರಡು ತುದಿಯಿದೆ. ಹೋಗುವವನನ್ನು ತಡೆಯುವ ಹಕ್ಕುಳ್ಳವನು, ಕಳುಹಿಸುವಾಗಲೂ ಅಷ್ಟೇ ಕಟ್ಟುಪಾಡಿಗೆ ಒಳಗಾಗಬೇಕು. ಚಾಲಕರ ಸಂಘಗಳು ಮಾತುಕತೆಯಲ್ಲಿ ಕೇಳುವ ಭದ್ರತೆಯ ತಿರುಳು ಇದೇ.

ಚಾಲಕನಾಗುವುದೂ ಸುಲಭವಲ್ಲ. ವಾಣಿಜ್ಯ ಪರವಾನಗಿಗೆ ಇನ್ನೂರು ಗಂಟೆಗಳ ಹಾರಾಟ ಬೇಕು. ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಂಥಲ್ಲಿ ಕಲಿತರೂ, ಮುಂದೆ ಒಂದೊಂದು ಬಗೆಯ ವಿಮಾನಕ್ಕೂ ಬೇರೆ ತರಬೇತಿ, ಬೇರೆ ಖರ್ಚು. ಮಧ್ಯಮ ವರ್ಗದ ಮನೆಯೊಂದು ಮಗನಿಗೋ ಮಗಳಿಗೋ ಇದನ್ನು ಕಲಿಸಬೇಕಾದರೆ ಸೈಟು ಮಾರುತ್ತದೆ ಇಲ್ಲವೆ ಸಾಲ ಮಾಡುತ್ತದೆ. ಲಕ್ಷದ ಸಂಬಳವನ್ನು ಎಣಿಸುವವರು ಆ ಸಾಲದ ಕಂತನ್ನು ಎಣಿಸುವುದಿಲ್ಲ. ಇಷ್ಟಾಗಿಯೂ ಆ ವಿದ್ಯೆ ವಿಮಾನದ ಹೊರಗೆ ಎಲ್ಲಿಯೂ ಸಲ್ಲದು. ಬಟ್ಟೆ ಅಂಗಡಿ ಮುಚ್ಚಿದರೆ ಕಿರಾಣಿ ತೆರೆಯುವ ಅನುಕೂಲ ಅವನಿಗಿಲ್ಲ.

ಸಂಸ್ಥೆಯ ಕೆಲಸವನ್ನು ಸಂಸ್ಥೆಯ ಚಾಲಕರೇ ಮಾಡಬೇಕೆಂಬ ಷರತ್ತನ್ನು ಅಮೆರಿಕದ ಚಾಲಕರ ಸಂಘಗಳು ಬಹುಕಾಲದಿಂದ ಒಪ್ಪಂದದಲ್ಲಿ ಬರೆಸಿಕೊಂಡು ಬಂದಿವೆ. ಇದರ ಮರ್ಮ ಜವಳಿ ವ್ಯಾಪಾರಿಗೆ ತಟ್ಟನೆ ತಿಳಿಯುತ್ತದೆ. ಮನೆಯ ದರ್ಜಿಗಳನ್ನು ಕೂರಿಸಿಕೊಂಡು, ಬಂದ ಬಟ್ಟೆಯನ್ನೆಲ್ಲ ಹೊರಗೆ ಜಾಬ್‌ವರ್ಕಿಗೆ ಕೊಟ್ಟರೆ ದರ್ಜಿಯನ್ನು ಬಾಯಿಮಾತಿನಲ್ಲಿ ತೆಗೆದುಹಾಕಬೇಕಿಲ್ಲ. ಅವನ ಯಂತ್ರ ತಾನೇ ನಿಲ್ಲುತ್ತದೆ. ಭಾರತದಲ್ಲಿಯೂ ವಿದೇಶಿ ಸಂಸ್ಥೆಗಳಿಂದ ವಿಮಾನವನ್ನು ಅದರ ಚಾಲಕರ ಸಹಿತ ಬಾಡಿಗೆಗೆ ತರುವ ಪದ್ಧತಿ ಬೆಳೆದಿದೆ. ಇಂಡಿಗೊ 2023ರಿಂದ ಟರ್ಕಿಯ ಸಂಸ್ಥೆಯ ದೊಡ್ಡ ವಿಮಾನಗಳನ್ನು ಹೀಗೆ ಹಾರಿಸಿತು. ವಿಮಾನದ ಅಭಾವವಿದ್ದಾಗ ತಾತ್ಕಾಲಿಕವಾಗಿ ಇದು ಅನಿವಾರ್ಯವಿರಬಹುದು. 'ತಾತ್ಕಾಲಿಕ' ಎಂಬ ಪದಕ್ಕೆ ಒಂದು ದಿನಾಂಕ ಬರೆಯಿರಿ ಎಂದು ಸಂಘ ಕೇಳಿದರೆ ಅದು ದುರಾಸೆಯೆ? ಪರಿಗ್ರಹಕ್ಕೆ ಪರಿಮಾಣ ಬೇಕೆನ್ನುವ ಧರ್ಮದವರು ಮೊದಲು ಮೆಚ್ಚಬೇಕಾದ ಬೇಡಿಕೆಯದು.

ಅತಿಭಾರದ ವಿಷಯದಲ್ಲಿ ಸಮಂತಭದ್ರಾಚಾರ್ಯರ ನೋಟ ಇನ್ನೂ ಆಳವಾದುದು. ರತ್ನಕರಂಡಕ ಶ್ರಾವಕಾಚಾರದಲ್ಲಿ ಅವರು ಅಹಿಂಸೆಯ ಅತಿಚಾರಗಳಲ್ಲಿ ಅತಿಭಾರಾರೋಪಣವನ್ನು ಹೇಳಿದ ಮೇಲೆ, ಪರಿಗ್ರಹ ಪರಿಮಾಣದ ಅತಿಚಾರಗಳಲ್ಲಿಯೂ ಅತಿವಾಹನ, ಅತಿಭಾರವಹನಗಳನ್ನು ಎಣಿಸುತ್ತಾರೆ. ಮಿತಿ ಮೀರಿ ಓಡಿಸುವುದು, ಮಿತಿ ಮೀರಿ ಹೊರಿಸುವುದು ಕ್ರೌರ್ಯದಿಂದಲೇ ಆಗಬೇಕೆಂದಿಲ್ಲ, ಲೋಭದಿಂದಲೂ ಆಗುತ್ತದೆ. ಚಾಲಕರ ದಣಿವಿನ ಪ್ರಶ್ನೆಯನ್ನು ಸಂಘಗಳು ದೆಹಲಿ ಉಚ್ಚ ನ್ಯಾಯಾಲಯದವರೆಗೆ ಒಯ್ದವು. 2024ರ ಜನವರಿಯಲ್ಲಿ ಹೊಸ ನಿಯಮಗಳು ಪ್ರಕಟವಾದವು: ವಾರದ ವಿಶ್ರಾಂತಿ 36 ಗಂಟೆಯ ಬದಲು 48 ಗಂಟೆ, ರಾತ್ರಿಯ ಇಳಿತಗಳು ಆರರ ಬದಲು ಎರಡು. ಅವು ಪೂರ್ಣವಾಗಿ ಜಾರಿಗೆ ಬಂದದ್ದು 2025ರ ನವೆಂಬರ್ 1ರಂದು. ಸುಮಾರು ಎರಡು ವರ್ಷ ಕಾಲಾವಕಾಶವಿದ್ದರೂ ದೇಶದ ಅತಿ ದೊಡ್ಡ ಸಂಸ್ಥೆಯಲ್ಲಿ ಬೇಕಾದಷ್ಟು ಚಾಲಕರಿರಲಿಲ್ಲ. ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೊದ ಸಾವಿರಾರು ಹಾರಾಟಗಳು ರದ್ದಾದವು. ಬೆಂಗಳೂರಿನ ನಿಲ್ದಾಣದಲ್ಲಿ ಮದುವೆಗೆ ಹೊರಟವರು, ಆಸ್ಪತ್ರೆಗೆ ಹೊರಟವರು ನೆಲದ ಮೇಲೆ ಮಲಗಿದರು. ಸರ್ಕಾರ ಮಾಡಿದ್ದೇನು? ವಿಶ್ರಾಂತಿಯ ನಿಯಮಗಳನ್ನೇ ತಾತ್ಕಾಲಿಕವಾಗಿ ಸಡಿಲಿಸಿತು. ಬಂಡಿ ಏರು ಹತ್ತದಾದಾಗ ಮೂಟೆ ಇಳಿಸುವ ಬದಲು ಎತ್ತಿನ ನಿದ್ದೆಯನ್ನು ಕಡಿತ ಮಾಡಿದಂತಾಯಿತು. ಅಂದು ಸಿಕ್ಕಿಬಿದ್ದ ಪ್ರಯಾಣಿಕರಲ್ಲಿ ಅನೇಕರು ಬೈದದ್ದು ಎದುರಿಗೆ ಸಮವಸ್ತ್ರದಲ್ಲಿದ್ದ ನೌಕರರನ್ನು.

ಇಲ್ಲಿ ವದ್ದಿಕೆರೆಯ ವಿಮಾನಕ್ಕೆ ಮರಳಬೇಕು. 1980ರ ದಶಕದಲ್ಲಿ ದೊಡ್ಡ ವಿಮಾನಗಳ ಮುಂಭಾಗದಿಂದ ಫ್ಲೈಟ್ ಇಂಜಿನಿಯರ್ ಎಂಬ ಮೂರನೆಯವನ ಕುರ್ಚಿ ಹೋಯಿತು. ಈಗ ಎರಡನೆಯವನ ಕುರ್ಚಿಯ ಮೇಲೆ ಕಣ್ಣು. ದೀರ್ಘ ಪ್ರಯಾಣದ ನಡುವಣ ಅವಧಿಯಲ್ಲಿ ಒಬ್ಬನೇ ಚಾಲಕ ಸಾಕೆಂಬ ಪ್ರಸ್ತಾಪ ಯುರೋಪಿನಲ್ಲಿ ಎದ್ದು, ಅಲ್ಲಿನ ಸುರಕ್ಷತಾ ಸಂಸ್ಥೆ ಅಧ್ಯಯನ ನಡೆಸಿ, ಇಬ್ಬರಿದ್ದಾಗಿನಷ್ಟೇ ಸುರಕ್ಷತೆ ಈಗಿನ ಯಂತ್ರಗಳಿಂದ ಸಾಬೀತಾಗದೆಂದು 2025ರಲ್ಲಿ ಹೇಳಿತು. ಚಾಲಕರ ಸಂಘಗಳು ಇದನ್ನೇ ಹೇಳುತ್ತಿದ್ದವು. ಅವರು ಹೇಳಿದಾಗ ಅದು ಸ್ವಾರ್ಥವೆನಿಸಿತ್ತು. ಕರ್ನಾಟಕದವರಿಗೆ ಈ ಎರಡನೆಯ ಕುರ್ಚಿಯ ಬೆಲೆ ಗೊತ್ತಿರಬೇಕು. 2010ರ ಮೇ 22ರಂದು ಮಂಗಳೂರಿನಲ್ಲಿ 158 ಮಂದಿ ಸತ್ತ ಏರ್ ಇಂಡಿಯಾ ಎಕ್ಸ್‌ಪ್ರೆಸ್ ದುರಂತದ ತನಿಖಾ ವರದಿಯ ಪ್ರಕಾರ, ಮುಖ್ಯ ಚಾಲಕ ಪ್ರಯಾಣದ ನಡುವೆ ಒಂದೂವರೆ ಗಂಟೆಗೂ ಹೆಚ್ಚು ನಿದ್ರಿಸಿದ್ದರು. ಇಳಿಯುವ ಹೊತ್ತಿನಲ್ಲಿ "ಇಳಿಸುವುದು ಬೇಡ, ಮೇಲೇರೋಣ" ಎಂದು ಸಹಚಾಲಕ ಮೂರು ಬಾರಿ ಎಚ್ಚರಿಸಿದ್ದರು. ಆ ಮಾತನ್ನು ಪಾಲಿಸಿದ್ದರೆ ಅಷ್ಟು ಮನೆಗಳಲ್ಲಿ ದೀಪ ಆರುತ್ತಿರಲಿಲ್ಲ. ಎಚ್ಚರಿಸುವ ಆ ದನಿಯನ್ನೇ ಉಳಿತಾಯದ ಬಾಬ್ತಿಗೆ ಸೇರಿಸಹೊರಟಿರುವುದು ವಿಚಿತ್ರ. ಹೊಲದಲ್ಲಿ ಬಿದ್ದ 'ತಪಸ್' ಒಳಗೆ ಯಾರೂ ಇರಲಿಲ್ಲವೆಂಬುದು ಸಮಾಧಾನವಾದದ್ದು ಅದರಲ್ಲಿ ಪ್ರಯಾಣಿಕರೂ ಇರಲಿಲ್ಲವಾದುದರಿಂದ.

ಹಾಗೆಂದು ಸಂಘಗಳು ಮಾಡಿದ್ದೆಲ್ಲ ಧರ್ಮವೆಂದು ಹೇಳುವಂತಿಲ್ಲ. 2009ರ ಸೆಪ್ಟೆಂಬರಿನಲ್ಲಿ ಜೆಟ್ ಏರ್‌ವೇಸ್ ಚಾಲಕರು, ಸಂಘ ಕಟ್ಟಿದ ಇಬ್ಬರನ್ನು ವಜಾ ಮಾಡಿದ್ದಕ್ಕೆ ಪ್ರತಿಯಾಗಿ ಸಾಮೂಹಿಕ ಅನಾರೋಗ್ಯ ರಜೆ ಹಾಕಿದರು. ಬೇಡಿಕೆ ನ್ಯಾಯವಾದುದು, ಸಾಧನ ಸುಳ್ಳು. ಆರೋಗ್ಯವಂತನು ರೋಗಿಯೆಂದು ಬರೆದುಕೊಟ್ಟ ಚೀಟಿ ಕೂಟಲೇಖವೇ ಸರಿ. ಅದೂ ಸತ್ಯಾಣುವ್ರತದ ಅತಿಚಾರ. 2012ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಚಾಲಕರು ಅದೇ ದಾರಿ ಹಿಡಿದು 58 ದಿನ ಕೆಲಸಕ್ಕೆ ಬರಲಿಲ್ಲ. ಅವರ ತಕರಾರೇನು? ಹೊಸ ಬೋಯಿಂಗ್ 787ರ ತರಬೇತಿ ಹಿಂದಿನ ಇಂಡಿಯನ್ ಏರ್‌ಲೈನ್ಸ್ ಚಾಲಕರಿಗೆ ಸಿಗಬಾರದೆಂಬುದು. ತನ್ನ ಅನ್ನ ಉಳಿಯಲೆಂದು ಪಕ್ಕದವನ ತಟ್ಟೆಯನ್ನು ಸರಿಸುವುದು ರಕ್ಷಣೆಯಲ್ಲ. ಕೊನೆಗೆ ಕೆಲಸ ಹೋದ ಸುಮಾರು ನೂರು ಚಾಲಕರು ನ್ಯಾಯಾಲಯದ ಮುಂದೆ ನಿಂತು ಹಿಂದಿರುಗಬೇಕಾಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಅರ್ಧಕ್ಕರ್ಧ ನೌಕರರು ಒಟ್ಟಿಗೆ ರಜೆ ಹಾಕಿದರೆ ಅದನ್ನು ಮುಷ್ಕರವೆಂದೇ ಎಣಿಸುತ್ತದೆ. ಮುಷ್ಕರಕ್ಕೆ ಹದಿನಾಲ್ಕು ದಿನಗಳ ಮುನ್ಸೂಚನೆ ಬೇಕೆನ್ನುತ್ತದೆ. ಮುಚ್ಚುಮರೆ ಬಿಟ್ಟು ತಿಳಿಸಿಯೇ ನಿಲ್ಲಿಸುವುದು ಸತ್ಯಕ್ಕೆ ಹತ್ತಿರ. ಆದರೆ ನೌಕರನ ಸುಳ್ಳುಚೀಟಿಯನ್ನು ಹಿಡಿದ ಕಾನೂನು ಮಾಲೀಕನ ಸುಳ್ಳುಭರವಸೆಯನ್ನೂ ಅಷ್ಟೇ ಚುರುಕಾಗಿ ಹಿಡಿಯಬೇಕು.

ಆಕಾಶದ ಮಾತು ದೂರವೆನಿಸಿದವರು ಬಸ್ ನಿಲ್ದಾಣವನ್ನು ನೆನೆಯಲಿ. 2021ರ ಏಪ್ರಿಲ್ 7ರಿಂದ ಎರಡು ವಾರ ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳ ನೌಕರರು ಆರನೆಯ ವೇತನ ಆಯೋಗದ ಸಂಬಳವನ್ನು ಕೇಳಿ ಮುಷ್ಕರ ಹೂಡಿದರು. ಯುಗಾದಿ ಅದರ ನಡುವೆಯೇ ಬಂತು. ಮುಗಿದದ್ದು ಮಹಾವೀರ ಜಯಂತಿಗೆ ನಾಲ್ಕು ದಿನ ಮುಂಚೆ. ವಜಾ, ಅಮಾನತು, ದೂರದ ಊರಿಗೆ ವರ್ಗಾವಣೆ, ಎಲ್ಲ ನಡೆದವು. ಖಾಸಗಿ ಬಸ್ಸುಗಳು ಓಡುವ ಈ ಜಿಲ್ಲೆಯಲ್ಲಿ ವ್ಯಾಪಾರಿಗಳಿಗೆ ಹೆಚ್ಚಿನ ಅಡಚಣೆಯಾಗಲಿಲ್ಲ. ಆದ್ದರಿಂದ ಹೆಚ್ಚಿನ ವಿಚಾರವೂ ಆಗಲಿಲ್ಲ. 2020ರ ಜನವರಿಯಿಂದ ಲೆಕ್ಕ ಹಾಕಿದ 38 ತಿಂಗಳ ಹಿಂಬಾಕಿಗಾಗಿ ಅದೇ ನೌಕರರು 2025ರ ಆಗಸ್ಟ್ 5ರಂದು ಮತ್ತೆ ಬಸ್ಸು ನಿಲ್ಲಿಸಬೇಕಾಯಿತು. ಹುಂಡಿಯ ವಾಯಿದೆ ಮೂವತ್ತೆಂಟು ದಿನ ಮೀರಿದರೆ ಬಡ್ಡಿ ಕೇಳುವವರು, ಮೂವತ್ತೆಂಟು ತಿಂಗಳ ಬಾಕಿ ಕೇಳಿದವನನ್ನು ಹಠಮಾರಿ ಎಂದರು.

ಕೊನೆಯದಾಗಿ ಬಸದಿ, ಮಂದಿರಗಳ ಟ್ರಸ್ಟುಗಳಿಗೆ ಸಂಬಂಧಿಸಿದ ಒಂದು ವಿಷಯ. ಕಿಂಗ್‌ಫಿಷರ್ ನೌಕರರ ಸಂಬಳ ನಿಂತಿದ್ದ 2012ರ ಡಿಸೆಂಬರಿನಲ್ಲಿ ಅದರ ಒಡೆಯ ವಿಜಯ್ ಮಲ್ಯ ಅವರು ತಿರುಪತಿಯ ದೇವಾಲಯಕ್ಕೆ ಮೂರು ಕಿಲೋ ಚಿನ್ನವನ್ನು ಅರ್ಪಿಸಿದರೆಂದು ಪತ್ರಿಕೆಗಳಲ್ಲಿ ಬಂತು. ಅನ್ಯರ ದೇವಾಲಯದ ಮಾತೆಂದು ಜೈನರು ನಗಬಾರದು. ಪಂಚಕಲ್ಯಾಣದ ಸವಾಲಿನಲ್ಲಿ ಹೆಚ್ಚು ಕೂಗಿದವನ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸುವಾಗ, ಅವನ ಅಂಗಡಿಯ ಗುಮಾಸ್ತರಿಗೆ ಸಂಬಳ ಸಂದಿದೆಯೆ ಎಂದು ಯಾವ ಟ್ರಸ್ಟು ವಿಚಾರಿಸಿದೆ? ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಲಕ್ಷಣಗಳನ್ನು ಹೇಳುವಾಗ ನ್ಯಾಯದಿಂದ ಗಳಿಸಿದ ಧನವನ್ನು ಮೊದಲಿಗಿಟ್ಟರು. ದಾನ ಆಮೇಲಿನ ಮಾತು. ಶ್ವೇತಾಂಬರರಲ್ಲಿ ಹೇಮಚಂದ್ರಾಚಾರ್ಯರೂ ಯೋಗಶಾಸ್ತ್ರದಲ್ಲಿ ಅದನ್ನೇ ಮೊದಲಿಗಿಟ್ಟಿದ್ದಾರೆ. ಎರಡೂ ಸಂಪ್ರದಾಯಗಳು ಒಮ್ಮತದಿಂದ ಹೇಳಿದ್ದನ್ನು ಎರಡೂ ಸಂಪ್ರದಾಯಗಳ ಟ್ರಸ್ಟುಗಳು ಒಮ್ಮತದಿಂದ ಮರೆತಿವೆ.

ಟ್ರಸ್ಟುಗಳ ಸ್ವಂತ ಮನೆಯೇನು? ರಾತ್ರಿ ಬಾಗಿಲು ಕಾಯುವವನು, ಭೋಜನಶಾಲೆಯ ಅಡಿಗೆಯವರು, ಪೂಜೆಯ ಪುರೋಹಿತರು ಬಹುಕಡೆ ಬಾಯಿಮಾತಿನ ಮೇಲೆ ದುಡಿಯುವವರು. ಅಧ್ಯಕ್ಷರು ಬದಲಾದಾಗ ಅವರ ಕೆಲಸವೂ ಅಲ್ಲಾಡುತ್ತದೆ. ಭವಿಷ್ಯ ನಿಧಿಯ ಕಾನೂನು ಇಪ್ಪತ್ತು ನೌಕರರಿದ್ದಲ್ಲಿ ಅನ್ವಯಿಸುವುದರಿಂದ ಸಣ್ಣ ಬಸದಿಗಳು ಅದರಿಂದ ಹೊರಗಿವೆ. ಆದರೆ ಹೊಸ ಕಾರ್ಮಿಕ ಸಂಹಿತೆಗಳು ನೌಕರನಿಗೆ ನೇಮಕಾತಿ ಪತ್ರ ಕೊಡಬೇಕೆನ್ನುತ್ತವೆ. ಸಂಬಳವೆಷ್ಟು, ಯಾವ ದಿನ ಸಲ್ಲಬೇಕು, ರಜೆಯೆಷ್ಟು, ಬಿಡಿಸುವ ಮುಂಚೆ ಎಷ್ಟು ತಿಂಗಳ ತಿಳಿವಳಿಕೆ ಎಂಬಿಷ್ಟು ಬರೆಯಲು ಒಂದು ಹಾಳೆ ಸಾಕು. ಬರುವ ಮಹಾವೀರ ಜಯಂತಿಯ ಮೆರವಣಿಗೆಗೆ ಪಲ್ಲಕ್ಕಿಯ ಬಾಡಿಗೆ ಗೊತ್ತುಮಾಡುವ ಸಭೆಯಲ್ಲಿಯೇ ಆ ಹಾಳೆಯನ್ನೂ ಬರೆಸಿ, ಕಾವಲುಗಾರನನ್ನು ಒಳಗೆ ಕರೆದು, ಓದಿ ಹೇಳಿ, ಅವನ ಕೈಗೆ ಕೊಡಬಹುದು.